ಹನ್ನೆರಡು ಹೆಣ್ಣು ಫೈಟರುಗಳು

ಫೈಟರ್ ಮೀನಿನಲ್ಲಿ ಗಂಡು ಯಾವುದು ಹೆಣ್ಣು ಯಾವುದು ಎಂದು ಹೇಳುವುದು ಸುಲಭ ಎನ್ನುವವರು ಆ ಮೀನನ್ನು ಅಂಗಡಿಯಲ್ಲಿ ಮಾತ್ರ ನೋಡಿದವರು. ಅಂಗಡಿಗೆ ಬರುವ ಹೊತ್ತಿಗೆ ಗಂಡು ಉದ್ದ ಬಾಲ ಇಳಿಬಿಟ್ಟುಕೊಂಡು ಬಾಟಲಿಯಲ್ಲಿ ಒಂಟಿಯಾಗಿ ಮೆರೆಯುತ್ತಿರುತ್ತದೆ. ಅದನ್ನು ಗಂಡು ಎನ್ನಲು ಕಣ್ಣೂ ಬೇಡ, ಬುದ್ಧಿಯೂ ಬೇಡ. ನಮ್ಮ ಕೆಲಸ ಅದಕ್ಕಿಂತ ಮುಂಚಿನದು. ಎರಡೂವರೆ ತಿಂಗಳ ಮರಿಗಳು, ಕಿರುಬೆರಳಿನ ಅರ್ಧದಷ್ಟು, ನೂರಾರು ಒಂದೇ ತೊಟ್ಟಿಯಲ್ಲಿ. ಆಗಲೇ ಒಂದರ ಬಾಲವನ್ನು ಇನ್ನೊಂದು ಕಚ್ಚಲು ಶುರುಮಾಡಿರುತ್ತದೆ. ಅಷ್ಟರೊಳಗೆ ಗಂಡುಗಳನ್ನು ಆರಿಸಿ ಒಂದೊಂದನ್ನೂ ಬೇರೆ ಬೇರೆ ಜಾಡಿಗೆ ಹಾಕಬೇಕು. ತಡವಾದರೆ ತೊಟ್ಟಿಯ ಅರ್ಧ ಮೀನು ಕುರುಡು, ಇನ್ನರ್ಧಕ್ಕೆ ಬಾಲವಿಲ್ಲ.

ನಂಜನಗೂಡಿನಿಂದ ಟಿ. ನರಸೀಪುರದ ಕಡೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ, ತಗಡಿನ ಚಾವಣಿಯ ಒಂದು ಬಣ್ಣದ ಮೀನಿನ ಫಾರಂ ಇದೆ. ಅಲ್ಲಿ ಆರಿಸುವ ಮೇಜು ನನ್ನದು. ಮೀನನ್ನು ಬಲೆಯಲ್ಲಿ ಎತ್ತಬಾರದು, ರೆಕ್ಕೆ ಹರಿಯುತ್ತದೆ. ಸೌಟಿನಲ್ಲಿ ನೀರಿನ ಸಮೇತ ಎತ್ತಿ, ಚಪ್ಪಟೆ ಗಾಜಿನ ಜಾಡಿಗೆ ಬಿಟ್ಟು, ಕಿಟಕಿಯ ಬೆಳಕಿಗೆ ಹಿಡಿದು ಕೆಳಗಿನಿಂದ ನೋಡಬೇಕು. ಹೊಟ್ಟೆಯ ಅಡಿಯಲ್ಲಿ, ದಾರದಂಥ ಎರಡು ರೆಕ್ಕೆಗಳ ಹಿಂದೆ, ಒಂದು ಬಿಳಿ ಚುಕ್ಕೆ ಇದ್ದರೆ ಹೆಣ್ಣು. ಪುಡಿ ಉಪ್ಪಿನ ಒಂದು ಕಣದಷ್ಟು ಚುಕ್ಕೆ. ಮೊಟ್ಟೆ ಬರುವ ದಾರಿ ಅದು. ಚುಕ್ಕೆ ಇಲ್ಲದೆ, ಕಿವಿರಿನ ಕೆಳಗೆ ಗಡ್ಡದಂಥ ಪೊರೆ ಇಣುಕುತ್ತಿದ್ದರೆ ಗಂಡು. ಮೇಜಿನವನು ಬಾಯಲ್ಲಿ ಹೇಳುತ್ತಾನೆ, ಪಕ್ಕದಲ್ಲಿ ನಿಂತವರು ಜಾಡಿಗೆ ಚೀಟಿ ಅಂಟಿಸುತ್ತಾರೆ.

ನಮ್ಮ ಫಾರಮ್ಮಿನಲ್ಲಿ ಮೊದಲಿನಿಂದಲೂ ಒಂದು ಕಟ್ಟಳೆ ಇತ್ತು. ಮೇಜಿನವನು ಒಮ್ಮೆ ಹೇಳಿದ ಮೇಲೆ ಆ ಮೀನನ್ನು ಯಾರೂ ಎರಡನೇ ಸಲ ಎತ್ತಿ ನೋಡುವಂತಿಲ್ಲ. ಎರಡು ಸಲ ಎತ್ತಿದ ಮರಿ ಗಾಬರಿಗೆ ಸಾಯುತ್ತದೆ ಎಂದು ಕಾರಣ ಕೊಡುತ್ತಿದ್ದೆವು. ಸಾಯುವುದೇನೂ ಇಲ್ಲ. ಅದು ಮೇಜಿನವನ ಗತ್ತು, ಅಷ್ಟೇ.

ಆ ಗತ್ತು ನನ್ನ ಕೈಗೆ ಬಂದದ್ದು ನನಗಿಂತ ಹಿಂದಿನವನು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಬಂದಾಗ. "ಏನ್ ಯಜಮಾನ್ರೆ, ಮೀನ್ಗೂ ಒಂದೊಂದು ಹಾಕ್ಸಿ ಮತ್ತೆ" ಎಂದು ಎಲ್ಲರ ಮುಂದೆ ನಗಿಸಿದವನು ನಾನೇ. ಅವನನ್ನು ಗೇಟು ಕಾಯಲು ಹಾಕಿದರು, ನನ್ನನ್ನು ಮೇಜಿಗೆ ಕೂರಿಸಿದರು. ಹೀಗಾಗಿ ನನಗೂ ಚಾಳೀಸು ಬಂದಾಗ, ಜಾಡಿ ಹತ್ತಿರ ಹಿಡಿದಷ್ಟೂ ಮೀನು ಮಂಜಾಗತೊಡಗಿದಾಗ, ನಾನು ತುಟಿ ಪಿಟಕ್ಕೆನ್ನಲಿಲ್ಲ. ಉದ್ದ ಬಾಲದ ಜಾತಿಯಲ್ಲಿ ಹೇಗೋ ನಡೆಯುತ್ತಿತ್ತು. ಬಾಲದ ಅಂದಾಜು ಇತ್ತು, ಕೈಯಲ್ಲೊಂದು ಕನ್ನಡಿ ಚೂರು ಇತ್ತು. ಕನ್ನಡಿಯಲ್ಲಿ ತನ್ನ ಮುಖ ಕಂಡರೆ ಗಂಡು ಕೆರಳಿ ಕಿವಿರು ಅಗಲಿಸುತ್ತದೆ. ಅಷ್ಟು ದೊಡ್ಡ ಆಟ ನನ್ನ ಕಣ್ಣಿಗೂ ಕಾಣುತ್ತಿತ್ತು.

ಆಮೇಲೆ ನಮ್ಮ ಓನರು ಗಿಡ್ಡ ಬಾಲದ ಜಾತಿ ತರಿಸಿದರು. ಅದರಲ್ಲಿ ಗಂಡಿನ ಬಾಲವೂ ಗಿಡ್ಡ, ಹೆಣ್ಣಿನದೂ ಗಿಡ್ಡ. ಬಣ್ಣವೂ ಹೆಚ್ಚುಕಡಿಮೆ ಒಂದೇ. ಬಾಲದ ಅಂದಾಜು ನೆಲ ಕಚ್ಚಿತು.

ಜಾಡಿ ತೊಳೆಯಲು ಒಬ್ಬ ಹೆಂಗಸು ಇದ್ದಳು, ತಗಡೂರಿನ ಆಚೆಯ ಹಳ್ಳಿಯವಳು. ದಿನಕ್ಕೆ ನಾನೂರು ಐನೂರು ಜಾಡಿ, ಉಪ್ಪು ನೀರು, ಸೋಂಕು ಕಳೆಯುವ ಪರ್ಮಾಂಗನೇಟು. ಬೆರಳ ಸಂದಿಗಳು ಬೆಂದು ಬಿಳಿಚಿಕೊಂಡಿದ್ದವು, ಊಟ ಮಾಡುವಾಗ ಖಾರ ತಾಗಿದರೆ ಕೈ ಜಾಡಿಸುತ್ತಿದ್ದಳು. ಅವಳ ಅವ್ವ ಬದನವಾಳಿನಲ್ಲಿ ಖಾದಿ ನೂಲುತ್ತಿದ್ದವರಂತೆ. ಎಳೆಯಲ್ಲಿ ಗಂಟು ಹುಡುಕುವ ಕೆಲಸ ಇವಳಿಗೆ ಬಿಡುತ್ತಿದ್ದರಂತೆ. ಮೇಜಿನಲ್ಲಿ ಚೀಟಿ ಅಂಟಿಸುವವರು ರಜೆ ಹಾಕಿದ ದಿನ ಅವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ನಾನು ಜಾಡಿ ಎತ್ತಿ ಹಿಡಿದರೆ ಅವಳು ಎರಡು ಮೊಳ ದೂರದಿಂದ, ಕಣ್ಣು ಕಿರಿದು ಮಾಡದೆ, ಚುಕ್ಕೆ ನೋಡುತ್ತಿದ್ದಳು.

ನಾನು ಬಿಡುತ್ತೇನೆಯೇ. "ಏನಮ್ಮ, ಕಲೀಬೇಕು ಅಂತ ಆಸೆ ಇದ್ಯಾ? ನೋಡಿ ಹೇಳು, ಇದರಲ್ಲಿ ಏನು ಕಾಣುತ್ತೆ?" ಎಂದೆ.

"ಚುಕ್ಕೆ ಅದೆ ಸಾ. ಎಣ್ಣು."

"ಹೂಂ, ಸರಿ ಹೇಳ್ದೆ. ಇದು?"

"ಇಲ್ಲ ಸಾ. ಗಂಡು."

"ಪರವಾಗಿಲ್ಲ, ತಲೇಲಿ ಏನೋ ಐತೆ."

ಚೀಟಿಯ ಕೆಲಸಕ್ಕೆ ಅವಳನ್ನೇ ಉಳಿಸಿಕೊಂಡೆ, ಎರಡು ತಿಂಗಳು ಹೀಗೆ ನಡೆಯಿತು. ನಾನು ಮೇಷ್ಟರ ಹಾಗೆ ಕೇಳುವುದು, ಅವಳು ಹೇಳುವುದು, ಅವಳು ಹೇಳಿದ್ದನ್ನೇ ನಾನು ಗಟ್ಟಿಯಾಗಿ ಕೂಗುವುದು. ನನಗೇ ಕಾಣದ್ದನ್ನು ನಾನು ಅವಳಿಗೆ ಕಲಿಸುತ್ತಿದ್ದೇನೆ ಎಂದು ಅವಳು ನಂಬಿದ್ದಳು. ಒಮ್ಮೆ ಮನೆಯಿಂದ ಹುರುಳಿಕಾಳು ಬಸ್ಸಾರು ತಂದುಕೊಟ್ಟಳು, ಗುರುವಿಗೆ ಕೊಟ್ಟ ಹಾಗೆ. ಚೆನ್ನಾಗಿತ್ತು, ತಿಂದೆ.

ಯುಗಾದಿ ಕಳೆದ ಮೇಲೆ ಎರಡನೇ ಮೇಜು ಹಾಕುತ್ತೇನೆ, ನೀನು ಕಲಿತರೆ ನಿನಗೇ ಎಂದು ಓನರು ಅವಳಿಗೆ ಮಾತು ಕೊಟ್ಟಿದ್ದರು. ಅವಳಿಗೆ ಆ ಮೇಜೇ ಜಪವಾಗಿತ್ತು. ಒಣಗಿದ ಕೈಯಲ್ಲಿ ಕೂತು ಮಾಡುವ ಕೆಲಸ. ಜಾಡಿ ತೊಳೆಯುವವಳು ಎನ್ನುವ ಬದಲು ಮೀನು ನೋಡುವವಳು ಎನ್ನಿಸಿಕೊಳ್ಳುವುದು. "ನಂಗೂ ಒಂದ್ ಕಿಟ್ಕಿ ಪಕ್ಕಾನೇ ಆಕುಸ್ತಾರಾ ಸಾ?" ಎಂದು ಕೇಳಿದ್ದಳು. ಹಾಕಿಸುತ್ತಾರೆ ಎಂದಿದ್ದೆ.

ಅಷ್ಟರಲ್ಲಿ ಟಿ. ನರಸೀಪುರದ ಒಬ್ಬ ಬಟ್ಟೆ ಅಂಗಡಿಯವರು ಬಂದರು. ಅಂಗಡಿ ಹೊಸದಾಗಿ ಕಟ್ಟಿಸಿದ್ದರು. ಗಲ್ಲಾದ ಪಕ್ಕ ನಾಲ್ಕಡಿ ಟ್ಯಾಂಕು ಇಡಬೇಕು, ಅದರಲ್ಲಿ ಫೈಟರೇ ಬೇಕು, ಅದೂ ಎಲ್ಲ ಒಟ್ಟಿಗೆ, ನಡುವೆ ಗಾಜಿನ ಅಡ್ಡ ಇರಬಾರದು ಎಂದು ಅವರ ಹಟ. ಓನರು ವಿವರಿಸಿದರು: ಗಂಡು ಎರಡಿದ್ದರೆ ಒಂದು ಹೆಣ ಗ್ಯಾರಂಟಿ, ಒಂದು ಗಂಡು ಒಂದು ಹೆಣ್ಣು ಇಟ್ಟರೂ ಮೊಟ್ಟೆ ಹಾಕಿಸುವ ಒಂದೆರಡು ಗಂಟೆ ಮಾತ್ರ ಸ್ನೇಹ, ಆಮೇಲೆ ಗಂಡು ಹೆಣ್ಣನ್ನು ಅಟ್ಟಾಡಿಸಿ ಸಿಗಿಯುತ್ತದೆ. ಹೆಣ್ಣುಗಳನ್ನೇ ಡಜನ್ ಲೆಕ್ಕದಲ್ಲಿ ಒಂದೇ ಸಲಕ್ಕೆ ಬಿಟ್ಟರೆ ಬಾಳಬಹುದು. ಅವೂ ಸಾಧುಗಳೇನಲ್ಲ. ಆದರೆ ಹನ್ನೆರಡಿದ್ದರೆ ಕಚ್ಚುವ ಕಾಟ ಹಂಚಿಹೋಗುತ್ತದೆ, ಒಂದನ್ನೇ ಹಿಡಿದು ಕೊಲ್ಲುವುದಿಲ್ಲ. ಬಟ್ಟೆಯವರು ಒಪ್ಪಿದರು. ಟ್ಯಾಂಕಿನ ನೀರು ಹದಕ್ಕೆ ಬಂದ ಮೇಲೆ ಮತ್ತೆ ಬಂದು, ಕೆಂಪು, ನೀಲಿ, ಹಳದಿ, ಬಣ್ಣ ತಾವೇ ನಿಂತು ಆರಿಸುತ್ತೇವೆ ಎಂದರು.

ಹಾಗೆ ಆರಿಸಲು ಬಂದ ದಿನ ನನ್ನ ಗ್ರಹಚಾರ ಕೆಟ್ಟಿತು. ಗಿಡ್ಡ ಬಾಲದ ತೊಟ್ಟಿಯ ಮೀನು, ಒಂದು ಪಕ್ಕ ಓನರು, ಇನ್ನೊಂದು ಪಕ್ಕ ಗಿರಾಕಿ. ಅವರ ಮುಂದೆ ಆ ಹೆಂಗಸನ್ನು "ಏನು ಕಾಣುತ್ತೆ" ಎಂದು ಕೇಳುವುದು ಹೇಗೆ? ಚೀಟಿ ಹಿಡಿದು ನಿಂತಿದ್ದಳು, ಎಂದಿನಂತೆ ಕೇಳುತ್ತೇನೆ ಎಂದು ಕಾಯುತ್ತಿದ್ದಳು. ನಾನು ಕನ್ನಡಿ ಚೂರು ತೆಗೆದೆ. ಕೆರಳಿದ್ದನ್ನು ಪಕ್ಕಕ್ಕಿಟ್ಟೆ, ಸುಮ್ಮನಿದ್ದದ್ದನ್ನು ಹೆಣ್ಣು ಎಂದೆ. ಹತ್ತು ಆಯಿತು. ಹನ್ನೊಂದನೆಯದು ಒಂದು ಕೆಂಪು, ಹನ್ನೆರಡನೆಯದು ಒಂದು ನೀಲಿ. ಎರಡೂ ರೆಕ್ಕೆ ಮುದುರಿಕೊಂಡು, ಮೈಯುದ್ದಕ್ಕೆ ಪೇಲವ ಗೆರೆ ಎಳೆದುಕೊಂಡು, ಕನ್ನಡಿಯ ಕಡೆ ತಿರುಗಿಯೂ ನೋಡಲಿಲ್ಲ.

"ಹೆಣ್ಣು" ಎಂದೆ.

ಅವಳು ಚೀಟಿ ಅಂಟಿಸಲಿಲ್ಲ. ಜಾಡಿಯನ್ನು ಸ್ವಲ್ಪ ಮೇಲೆತ್ತಿ ನೋಡಿದಳು. "ಸಾ, ಇವೆಲ್ಡೂ ಇನ್ನೊಂದ್ ಸಲ ನೋಡಿ. ಚುಕ್ಕೆ ಇಲ್ಲ. ಏಟು ತಿಂದು ಅಂಗೆ ಮುದುರ್ಕಂಡವೆ, ಗಂಡೇಯ."

ತಣ್ಣಗೆ ಹೇಳಿದಳು, ಸೊಕ್ಕೇನೂ ಇರಲಿಲ್ಲ. ನಾನು ಕಲಿಸಿದ್ದನ್ನು ಒಪ್ಪಿಸುತ್ತಿದ್ದೇನೆ ಎಂದುಕೊಂಡಿದ್ದಳೋ ಏನೋ. ನನಗೆ ಮಾತ್ರ ಮೈಯೆಲ್ಲ ಉರಿಯಿತು. "ಏನಮ್ಮ, ಜಾಡಿ ತೊಳೆಯೋಳು ನಂಗೆ ಗಂಡು ಹೆಣ್ಣು ಹೇಳ್ಕೊಡ್ತೀಯಾ? ಮನೇಲಿ ಗಂಡ ಯಾರು ಹೆಂಡ್ತಿ ಯಾರು ಅನ್ನೋದು ಗೊತ್ತಾಗುತ್ತಾ, ಅಥವಾ ಅದಕ್ಕೂ ಚುಕ್ಕೆ ನೋಡ್ಬೇಕಾ?" ಎಂದೆ. ಬಟ್ಟೆಯವರು ಹೊಟ್ಟೆ ಹಿಡಿದು ನಕ್ಕರು. ಓನರು ಫೋನಿನಲ್ಲಿ ಏನೋ ಒತ್ತುತ್ತಿದ್ದರು. ಅವಳ ಮುಖ ಕಿವಿಯವರೆಗೆ ಕೆಂಪೇರಿತು. ಎರಡೂ ಜಾಡಿಗೆ ಹೆಣ್ಣಿನ ಚೀಟಿ ಅಂಟಿಸಿದಳು.

ಕೆಳಗೆ ಬಿದ್ದ ಗಂಡು ಹಾಗೇ ಇರುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವಲ್ಲ. ತುಂಬಿದ ತೊಟ್ಟಿಯಲ್ಲಿ ಬಲಿಷ್ಠ ಗಂಡುಗಳಿಂದ ಪೆಟ್ಟು ತಿಂದ ಗಂಡು ಬಣ್ಣ ಅಡಗಿಸಿ, ರೆಕ್ಕೆ ಮಡಚಿ, ಹೆಣ್ಣಿನ ಹಾಗೆ ಸುಳಿದಾಡಿಕೊಂಡು ಬದುಕುತ್ತದೆ. ಕನ್ನಡಿ ತೋರಿಸಿದರೆ ಅದಕ್ಕೆ ಇನ್ನೊಬ್ಬ ಹೊಡೆಯುವವನು ಬಂದಂತೆ. ಅದೇ ಮೀನನ್ನು ಹೊಸ ನೀರಿಗೆ, ಹೊಸ ಜಾಗಕ್ಕೆ ಬಿಡಿ, ಎರಡು ದಿನದಲ್ಲಿ ಒಡೆಯನಾಗುತ್ತದೆ. ಎಷ್ಟು ಪೆಟ್ಟು ತಿಂದಿರುತ್ತದೋ ಅಷ್ಟನ್ನೂ ಬಡ್ಡಿ ಸಮೇತ ಕೊಡುತ್ತದೆ.

ಮಾರನೆಯ ದಿನ ನಾನೇ ಮೀನು ತೆಗೆದುಕೊಂಡು ನರಸೀಪುರಕ್ಕೆ ಹೋದೆ. ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಟ್ಯಾಂಕಿನ ನೀರು ಹದಿನೈದು ದಿನ ಮೊದಲೇ ತುಂಬಿಸಿ ಪಕ್ವ ಮಾಡಿಸಿದ್ದೆವು. ಹಿಂದುಗಡೆ ಗಿಡ ದಟ್ಟವಾಗಿ ನೆಟ್ಟೆ, ಅಡಗಲು ಮಣ್ಣಿನ ಕುಡಿಕೆಗಳನ್ನು ಮಗುಚಿಟ್ಟೆ, ಒಣಗಿದ ಕಾಡುಬಾದಾಮಿ ಎಲೆ ನಾಲ್ಕು ಹಾಕಿದೆ. ಹನ್ನೆರಡು ಕವರನ್ನೂ ನೀರಿನ ಮೇಲೆ ತೇಲಿಸಿ, ಬಿಸಿ ಸಮನಾದ ಮೇಲೆ ಒಟ್ಟಿಗೆ ಬಿಚ್ಚಿ, ಯಾವುದೂ ಮೊದಲು ಬಂದು ಜಾಗ ಹಿಡಿಯದ ಹಾಗೆ ಬಿಟ್ಟೆ. ದೀಪ ಆರಿಸಿ ಸಂಜೆಯವರೆಗೆ ಹಾಕಬೇಡಿ ಎಂದೆ. ಸ್ವಲ್ಪ ಅಟ್ಟಾಡಿಸುವುದು ಮಾಮೂಲು, ಏನಾದರೂ ಜಾಸ್ತಿ ಕಂಡರೆ ಕೂಡಲೇ ಫೋನ್ ಮಾಡಿ ಎಂದು ಎರಡು ಸಲ ಹೇಳಿದೆ.

ಫೋನ್ ಬಂದದ್ದು ನಾಲ್ಕನೆಯ ದಿನ.

ನಾನು ಹೋದಾಗ ಅಂಗಡಿಯಲ್ಲಿ ಸೀರೆ ನೋಡಲು ಬಂದವರು ಟ್ಯಾಂಕಿನ ಮುಂದೆ ಗುಂಪುಗೂಡಿದ್ದರು. ಬಟ್ಟೆಯವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಬೇಸರ ಇತ್ತು, ಆಟ ಮುಗಿದುಹೋಯಿತಲ್ಲ ಎಂಬಂಥ ಬೇಸರ. "ಎರಡ್ನೇ ದಿನದಿಂದ್ಲೇ ಸುರು ಆಯ್ತು ಕಣ್ರೀ. ಜನ ಸೀರೆ ಬುಟ್ಟು ಇದ್ನೇ ನೋಡೋರು. ಕೆಂಪುದ್ದು ಗೆಲ್ತದಾ ನೀಲಿದ್ದು ಗೆಲ್ತದಾ ಅಂತ ನಮ್ ಅಂಗಡಿಯೋರು ಪಂತ ಕಟ್ಕಂಡಿದ್ರು. ನೋಡ್ಲಿ ಬುಡು ಅಂತ ಸುಮ್ನಾದೆ. ಇವತ್ತು ನೀರು ವಾಸ್ನೆ ಬಂತು, ಅದ್ಕೆ ಫೋನ್ ಮಾಡ್ದೆ" ಎಂದರು.

ಟ್ಯಾಂಕಿನ ಎಡಗಡೆ ಕೆಂಪು, ಬಲಗಡೆ ನೀಲಿ. ಮುದುರಿಕೊಂಡಿದ್ದ ಅವೇ ಎರಡು. ಈಗ ಮೈತುಂಬ ಬಣ್ಣ, ಗಡ್ಡ ಅಗಲಿಸಿಕೊಂಡು ಗಡಿ ಕಾಯುತ್ತಿದ್ದವು. ಎಡಮೂಲೆಯಲ್ಲಿ ಎಲೆಯ ಅಡಿಗೆ ಅಂಗೈಯಗಲ ನೊರೆ ಗೂಡು ಕಟ್ಟಿಯಾಗಿತ್ತು. ಗಂಡಲ್ಲದೆ ಬೇರೆ ಯಾವುದು ಅಂಥ ಗೂಡು ಕಟ್ಟುತ್ತದೆ. ಏಳು ಹೆಣ್ಣುಗಳನ್ನು ಅಂಗಡಿಯವರು ಒಂದೊಂದಾಗಿ ತೆಗೆದು ಚರಂಡಿಗೆ ಎಸೆದಿದ್ದರು. ಉಳಿದದ್ದು ಮೂರು. ಒಂದು ಫಿಲ್ಟರಿನ ಕೊಳವೆಗೆ ಅಂಟಿಕೊಂಡಿತ್ತು, ಅದರ ಒಂದು ಪಕ್ಕದ ಹುರುಪೆಯೇ ಇರಲಿಲ್ಲ, ಉಸಿರಾಡುತ್ತಿತ್ತು. ಇನ್ನೊಂದಕ್ಕೆ ಎರಡು ಕಣ್ಣೂ ಇರಲಿಲ್ಲ. ಗಾಳಿ ಕುಡಿಯಲು ಮೇಲೆ ಬರುವುದು, ಮೇಲೆ ಬಂದ ಕೂಡಲೇ ಯಾವುದಾದರೂ ಒಂದು ಬಂದು ಕಚ್ಚುವುದು, ಮತ್ತೆ ಕೆಳಗಿಳಿಯುವುದು. ಈ ಮೀನು ಮೇಲೆ ಬಂದು ಗಾಳಿ ಕುಡಿಯಲೇಬೇಕು, ಇಲ್ಲದಿದ್ದರೆ ಸಾಯುತ್ತದೆ. ಕಚ್ಚುವವನಿಗೂ ಅದು ಗೊತ್ತು. ಮೂರನೆಯದು ಕುಡಿಕೆಯೊಳಗೆ ಕೂತಿತ್ತು, ಹೊರಗೆ ಬರುತ್ತಲೇ ಇರಲಿಲ್ಲ.

ಮೂರು ಹೆಣ್ಣುಗಳನ್ನು ಒಂದು ಕವರಿಗೆ, ಗಂಡುಗಳನ್ನು ಎರಡು ಕವರಿಗೆ ಹಾಕಿಕೊಂಡೆ. "ನಂಜನಗೂಡ್ನೋರು ಎಣ್ಣು ಅಂತ ಗಂಡ್ ಮಾರ್ತಾರೆ ಅಂತ ಎಲ್ರಿಗೂ ಏಳ್ತೀನಿ. ತೆಪ್ಪು ಮಾಡ್ದೋರು ಯಾರು ಅಂತ ನಂಗೆ ಗೊತ್ತಾಗ್ಬೇಕು" ಎಂದರು ಬಟ್ಟೆಯವರು. ತಮ್ಮ ಮುಂದೆಯೇ ಯಾರು ಏನು ಹೇಳಿದರು ಎಂಬುದು ಅವರಿಗೆ ಮರೆತಿತ್ತು. ನೆನಪಿದ್ದದ್ದು ನಕ್ಕದ್ದು ಮಾತ್ರ ಇರಬೇಕು.

ಬಸ್ಸಿನಲ್ಲಿ ಕವರುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಣ್ಣಿಲ್ಲದ್ದು ದಾರಿಯಲ್ಲೇ ಮಗುಚಿಕೊಂಡಿತು. ನಂಜನಗೂಡು ಬರುವಷ್ಟರಲ್ಲಿ ಏನು ಹೇಳಬೇಕು ಎಂಬುದನ್ನು ತೀರ್ಮಾನಿಸಿಬಿಟ್ಟಿದ್ದೆ. ಯಾರ ಒತ್ತಾಯವೂ ಇರಲಿಲ್ಲ, ಯೋಚಿಸಲು ಬೇಕಾದಷ್ಟು ಹೊತ್ತೂ ಇತ್ತು. ಯೋಚಿಸಿಯೇ ಮಾಡಿದೆ.

ಮಧ್ಯಾಹ್ನ, ಎಲ್ಲರೂ ಊಟ ಮುಗಿಸಿ ನಲ್ಲಿಯ ಹತ್ತಿರ ಇದ್ದರು. ಓನರು ಬಂದು ಕೇಳಿದರು. ನಾನು ಹೇಳಿದೆ: "ನಾನು ಹೇಳಿದ್ದು ಸರಿಯಾಗೇ ಹೇಳಿದ್ದೆ ಸರ್. ಆ ಎರಡನ್ನ ಗಂಡು ಅಂತ ಪಕ್ಕಕ್ಕಿಟ್ಟಿದ್ದೆ. ಚೀಟಿ ಅಂಟಿಸೋವಾಗ ಈವಮ್ಮ ಜಾಡಿ ಅದಲು ಬದಲು ಮಾಡಿದ್ದಾಳೆ. ಇವಳಿಗೆ ಗಂಡು ಹೆಣ್ಣು ಗೊತ್ತಾಗಲ್ಲ. ಎರಡು ತಿಂಗಳಿಂದ ಹೇಳಿಕೊಡ್ತಿದೀನಿ, ತಲೆಗೇ ಹೋಗಲ್ಲ."

ಅವಳು ಕೈಯಲ್ಲಿದ್ದ ಜಾಡಿಯನ್ನು ಕೆಳಗಿಟ್ಟಳು. "ಸಾ, ನಾ ಏಳಿದ್ನಲ್ಲಾ ನಿಮ್ಗೆ. ಚುಕ್ಕೆ ಇಲ್ಲ ಅಂತ ಏಳಿದ್ನಲ್ಲಾ" ಎಂದಳು. ನನ್ನನ್ನೇ ನೋಡುತ್ತಿದ್ದಳು, ನನಗೆ ಮರೆತುಹೋಗಿದೆ, ನೆನಪು ಮಾಡಿದರೆ ಸಾಕು ಎಂಬ ಹಾಗೆ.

"ಯಾರು, ನೀನು?" ಎಂದು ನಕ್ಕೆ. ಉಳಿದವರೂ ನಕ್ಕರು. ಮೇಜಿನವನು ಕೇಳಿ ತೊಳೆಯುವವಳು ಹೇಳುವುದುಂಟೇ.

ಓನರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು. "ನಾಳೆಯಿಂದ ಬರಬೇಡಮ್ಮ" ಎಂದರು. ಅವಳು ಉಳಿದಿದ್ದ ಜಾಡಿಗಳನ್ನು ತೊಳೆದು ಬೋರಲು ಹಾಕಿ ಹೋದಳು.

ನಾನು ಅಷ್ಟಕ್ಕೂ ಬಿಡಲಿಲ್ಲ. ಮೀನಿನ ಮೇವು ತರುವ ಒಬ್ಬರಿದ್ದಾರೆ, ಈ ಕಡೆಯ ಎಲ್ಲ ಫಾರಮ್ಮುಗಳಿಗೂ ಮೇವು ಅವರೇ, ಸುದ್ದಿಯೂ ಅವರೇ. ಅವರು ಬಂದಾಗ ಕೂರಿಸಿಕೊಂಡು ಹೇಳಿದೆ, ಆ ಹೆಂಗಸಿಗೆ ಮೀನು ನೋಡಲು ಬರುವುದಿಲ್ಲ, ಹುಷಾರು ಎಂದು. ಯಾಕೆ ಹೇಳಿದೆ? ಅವಳು ಬೇರೆ ಕಡೆ ಮೇಜು ಹಿಡಿದು ಚೆನ್ನಾಗಿ ಆರಿಸಿದರೆ ನನ್ನ ಸುಳ್ಳು ಬಯಲಾಗುತ್ತದಲ್ಲ, ಅದಕ್ಕೆ.

ಅವಳು ಹೋದ ಮೇಲೆ ನನ್ನ ಕೈ ಕಟ್ಟಿದಂತಾಯಿತು. ಮುಂದಿನ ತೊಟ್ಟಿಯಲ್ಲಿ ಮತ್ತೆ ತಪ್ಪು, ಅದರ ಮುಂದಿನದರಲ್ಲೂ ತಪ್ಪು. ಒಂದು ದಿನ ಓನರು ಮೇಜಿನ ಹತ್ತಿರ ಬಂದು, "ನಡೀರಿ ಅಣ್ಣ" ಎಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಪೇಟೆಯ ಕನ್ನಡಕದ ಅಂಗಡಿಗೆ ಕರೆದೊಯ್ದರು.

"ನಿಮ್ಮ ಕಣ್ಣು ಹೋಗಿರೋದು ನಂಗೆ ಎರಡು ವರ್ಷದಿಂದ ಗೊತ್ತು" ಎಂದರು, ಅಂಗಡಿಯವನು ಚೌಕಟ್ಟು ತೆಗೆಯುತ್ತಿದ್ದಾಗ. "ಅವಳ ಹತ್ರ ಕೇಳ್ಕೊಂಡು ಹೇಳ್ತಿದ್ರಿ, ನಡೀತಿತ್ತು, ಸುಮ್ಮನಿದ್ದೆ."

"ಮತ್ತೆ ಆವತ್ತು..."

"ಆವತ್ತು ಅವಳು ಚುಕ್ಕೆ ಇಲ್ಲ ಅಂದಾಗ ನಾನು ಪಕ್ಕದಲ್ಲೇ ಇದ್ನಲ್ಲ. ನಾನೇನು ಕಿವುಡನಾ? ಗಿರಾಕಿ ಬಾಯಿ ಮುಚ್ಚಿಸೋಕೆ ಯಾರನ್ನಾದರೂ ಒಬ್ಬರನ್ನ ತೆಗೀಬೇಕಿತ್ತು. ನಿಮಗೆ ಮೊಟ್ಟೆ ಹಾಕ್ಸೋದು, ಮರಿ ಸಾಕೋದು, ಎಲ್ಲ ಗೊತ್ತು. ಅವಳಿಗೆ ಒಂದು ಚುಕ್ಕೆ ಗೊತ್ತು. ಚುಕ್ಕೆಗೆ ಕನ್ನಡಕ ಸಾಕು."

ವಾಪಸು ಕರೆಸೋಣವೇ ಎಂದು ಕೇಳಿದೆ. "ಕಳಿಸಿದೋರನ್ನ ಕರೆಸಿದ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ" ಎಂದರು.

ಕನ್ನಡಕ ಹಾಕಿಕೊಂಡು ಬಂದ ದಿನ ಮೊದಲು ಮಾಡಿದ ಕೆಲಸ, ನರಸೀಪುರದಿಂದ ತಂದ ಆ ಕೆಂಪು ಮೀನನ್ನು ಎತ್ತಿ ನೋಡಿದ್ದು. ಚುಕ್ಕೆ ಇಲ್ಲ. ಹುಡುಕಬೇಕಾದದ್ದೇ ಇರಲಿಲ್ಲ, ಅಷ್ಟು ಸ್ಪಷ್ಟವಾಗಿ ಇಲ್ಲ. ಥೂ ಎನ್ನಿಸಿತು ನನ್ನ ಮೇಲೆ. ಭಾನುವಾರ ಅವಳ ಊರು ಹುಡುಕಿಕೊಂಡು ಹೋದೆ.

ಅವಳು ಮನೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಬೆರಳ ಸಂದಿ ಒಣಗಿತ್ತು, ಆದರೆ ಅಂಗೈ ಪೂರ್ತಿ ಬೊಬ್ಬೆ. ಕಬ್ಬು ಕಡಿಯಲು ಗಂಡನ ಜೊತೆ ಹೋಗುತ್ತಿದ್ದಳಂತೆ. ಕೂರಲು ಚಾಪೆ ಹಾಕಿ ನೀರು ಕೊಟ್ಟಳು. ತಪ್ಪು ನನ್ನದು, ನನಗೆ ಕಣ್ಣು ಕಾಣುತ್ತಿರಲಿಲ್ಲ, ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ನಂಗ್ ಗೊತ್ತಿತ್ತು ಸಾ" ಎಂದಳು. "ಮೊದ್ಲೆಲ್ಲ ಗೊತ್ತಾಗ್ನಿಲ್ಲ. ಮನೇಗ್ ಬಂದ್ಮೇಲೆ ಕೂತು ಯೋಚ್ನೆ ಮಾಡ್ದೆ. ಏಳ್ಕೊಡೋರು ಒಂದ್ ದಪನಾದ್ರೂ ಅವ್ರಾಗೇ ಏಳ್ಬೇಕಲ್ವಾ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು. ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿ ಅವಳೇ ಹೇಳಿದಳು. ಮೂಗೂರಿನ ಕಡೆ ಒಂದು ಫಾರಂ ಇದೆ, ಅಲ್ಲಿ ಮೇಜಿಗೆ ಜನ ಬೇಕಂತೆ. ಹೋಗಿ ಕೇಳಿದ್ದಳು. ಗಂಡು ಹೆಣ್ಣು ಗೊತ್ತಾಗದವಳು ನೀನೇ ಅಲ್ವಾ ಎಂದು ಗೇಟಿನಲ್ಲೇ ಕಳಿಸಿದ್ದರು. "ನನ್ ಕಣ್ ಸರಿ ಇಲ್ಲ ಅಂತ ಎಲ್ಲಾ ಕಡೆ ಏಳವ್ರೆ ಸಾ. ನಂಗ್ ಇದ್ದುದ್ದೇ ಅದೊಂದು. ನೀವ್ ಬಂದು ಅವ್ರ್ ಮುಂದೆ ಆವತ್ ನಡೆದಿದ್ದ ನಡೆದಂಗೆ ಏಳ್ಬುಡಿ. ನೀವ್ ಏಳಿದ್ರೆ ನಂಬ್ತಾರೆ. ಇನ್ನೇನೂ ಬ್ಯಾಡ."

ಆಗಲಿ ಎಂದೆ. ಮನಸ್ಸಿನಿಂದಲೇ ಎಂದೆ.

ಎರಡು ದಿನ ಬಿಟ್ಟು ಮೂಗೂರಿನ ಆ ಫಾರಮ್ಮಿನ ಗೇಟಿಗೆ ಹೋದಾಗ ಅವಳು ಆಗಲೇ ಬಂದು ನಿಂತಿದ್ದಳು. ಒಗೆದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಮೊದಲು ನಾನು ಮಾತಾಡಿ ಬರುತ್ತೇನೆ, ನೀನು ಇಲ್ಲೇ ಇರು ಎಂದೆ. ಒಳಗೆ ಹೋಗುವಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡೆ. ಯಾಕೆ ತೆಗೆದೆ ಎಂದು ಆ ಕ್ಷಣ ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಆ ಫಾರಮ್ಮಿನ ಯಜಮಾನರು ಎದ್ದುನಿಂತು ಕೈಹಿಡಿದರು. "ಓ, ಬನ್ನಿ ಬನ್ನಿ, ಕೂತ್ಕಳಿ. ನಿಮ್ಮಂತ ಕಣ್ಣು ಈ ಎಲ್ಡು ತಾಲ್ಲೂಕ್ನಲ್ಲೇ ಇಲ್ಲ ಕಣ್ರೀ" ಎಂದು ಅಲ್ಲಿದ್ದ ಕೆಲಸದವರಿಗೆಲ್ಲ ನನ್ನನ್ನು ತೋರಿಸಿದರು. ಟೀ ತರಿಸಿದರು. ನಾನು, "ಹೊರಗೆ ಒಬ್ಬಳು ಹೆಂಗಸು ನಿಂತಿದ್ದಾಳೆ. ನಮ್ಮಲ್ಲಿ ಇದ್ದವಳು. ಕಣ್ಣು ಚೆನ್ನಾಗಿದೆ, ಮೇಜಿಗೆ ಕೂರಿಸಬಹುದು" ಎಂದೆ.

"ಅವ್ಳಾ? ಅವ್ಳಿಗೆ ಗೊತ್ತಾಗಲ್ಲ ಅಂತ ಸುದ್ದಿ ಇತ್ತಲ್ಲ."

"ಅದು ಸುಳ್ಳು. ಕಣ್ಣು ಬಲು ಚೆನ್ನಾಗಿದೆ."

"ಸರಿ, ನೀವೇ ಅಂದ್ಮೇಲೆ ಆಯ್ತು." ಅವರು ಟೀ ಹೀರಿ ನನ್ನ ಕಡೆ ಬಾಗಿದರು. "ಕಣ್ ಚೆನ್ನಾಗದೆ ಅಂತೀರಿ. ಮತ್ತೆ ಯಾಕ್ ಕಳುಸುದ್ರಿ?"

ನಾನು ಬಂದದ್ದೇ ಆ ಒಂದು ಪ್ರಶ್ನೆಗೆ ಉತ್ತರ ಹೇಳಲು. ನನಗೆ ಕಣ್ಣು ಕಾಣುತ್ತಿರಲಿಲ್ಲ, ತಪ್ಪು ಆರಿಸಿದವನು ನಾನು. ಇಷ್ಟೇ. ಕೆಲಸದವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಅದು ಬಿಡಿ, ನಮ್ಮ ಓನರ್ ವಿಚಾರ" ಎಂದೆ.

ಅವರು ದನಿ ತಗ್ಗಿಸಿದರು. "ಕೈ ಸುದ್ದ ಇಲ್ವಾ?"

ಇಲ್ಲ, ಹಾಗಲ್ಲ ಎನ್ನಬೇಕಿತ್ತು. ಹಾಗಲ್ಲ ಎಂದರೆ ಮತ್ತೆ ಹೇಗೆ ಎಂದು ಕೇಳುತ್ತಾರೆ. ನಾನು ಟೀ ಲೋಟದೊಳಗೆ ನೋಡಿದೆ.

"ತಿಳೀತು ಬುಡಿ. ಬಾಯ್ಬುಟ್ಟು ಏಳೋದೇನೂ ಬ್ಯಾಡ" ಎಂದು ಅವರು ನನ್ನ ತೊಡೆ ತಟ್ಟಿದರು. ಅವಳ ಕಳ್ಳತನ ಮುಚ್ಚಿಟ್ಟು ಮರ್ಯಾದೆ ಕಾಯುತ್ತಿರುವ ದೊಡ್ಡ ಮನುಷ್ಯ ಎಂದು ನನ್ನನ್ನು ನೋಡಿದರು. ಉಳಿದ ಟೀ ಕುಡಿದು ಎದ್ದೆ.

ಗೇಟಿನ ಹೊರಗೆ ಅವಳು ಬಿಸಿಲಿನಲ್ಲೇ ನಿಂತಿದ್ದಳು. "ಏಳುದ್ರಾ ಸಾ?" ಎಂದಳು.

"ಹೇಳ್ದೆ ಕಣಮ್ಮ. ನಿನ್ನ ಕಣ್ಣು ಚೆನ್ನಾಗಿದೆ ಅಂತ ಹೇಳ್ದೆ. ಒಳಗೆ ಹೋಗು."

ಅವಳ ಮುಖ ಅರಳಿತು. ನಾನು ಅವಳನ್ನು ನೋಡಿದ ಅಷ್ಟೂ ದಿನಗಳಲ್ಲಿ ಹಾಗೆ ಅರಳಿದ್ದನ್ನು ಕಂಡಿರಲಿಲ್ಲ. "ನಿಮ್ ಒಟ್ಟೆ ತಣ್ಣಗಿರ್ಲಿ ಸಾ" ಎಂದು ಕೈಮುಗಿದು, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ಅವಳು ಹೊರಗೆ ಬರುವ ಮೊದಲೇ ಬಸ್ಸು ಸಿಗಲಿ ಎಂದು ನಾನು ರಸ್ತೆಯ ಕಡೆ ಬೇಗ ಬೇಗ ನಡೆದೆ.